ಗೇರ್ ಸೈಕಲ್ಲಿನ ಹಣ ಯಾವುದಕ್ಕೆ ಹೋಗಬೇಕು?



ಅಡಿಕೆ ಕೊಯ್ಲು ಮುಗಿದು ಮಂಡಿಯ ಪಟ್ಟಿ ಕೈಗೆ ಬರುವ ದಿನಗಳಲ್ಲಿ ಸಂಘದ ಕಚೇರಿಗೆ ಬರುವ ಸದಸ್ಯರು ಗೊಬ್ಬರ, ಔಷಧಿ, ಸಾಲದ ಕಂತು ಇವುಗಳ ಮಾತು ಮುಗಿಸುತ್ತಾರೆ. ಎದ್ದು ಬಾಗಿಲ ತನಕ ಹೋದ ಮೇಲೆ ಹಿಂದಿರುಗಿ ಕೇಳುವ ಪ್ರಶ್ನೆಯೊಂದಿದೆ: "ಹುಡುಗ ಗೇರ್ ಸೈಕಲ್ ಬೇಕಂತ ಹಟ ಹಿಡಿದಾನ್ರಿ ಸೆಕ್ರೆಟರಿಯವರೇ, ಯಾವ್ದು ಕೊಡಿಸ್ಲಿ?" ಈ ಎರಡು ಮೂರು ವರ್ಷಗಳಲ್ಲಿ ಈ ಪ್ರಶ್ನೆ ಎಷ್ಟು ಸಲ ಬಂದಿದೆಯೆಂದರೆ, ಒಬ್ಬೊಬ್ಬರಿಗೂ ಬಾಗಿಲಲ್ಲಿ ನಿಂತು ಉತ್ತರ ಹೇಳುವ ಬದಲು ಪತ್ರಿಕೆಯಲ್ಲೇ ಬರೆದುಬಿಡುವುದು ಲೇಸೆಂದು ತೋರಿತು.

ಅಡಿಕೆ, ಕಾಫಿ ಬೆಳೆಗಾರರ ಪತ್ರಿಕೆಯಲ್ಲಿ ಸೈಕಲ್ಲಿನ ವಿಚಾರವೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಹತ್ತು ಹನ್ನೆರಡು ಸಾವಿರ ರೂಪಾಯಿ ಎಂದರೆ ಇತ್ತೀಚಿನ ದರದಲ್ಲಿ ಸುಮಾರು 20ರಿಂದ 25 ಕಿಲೋ ರಾಶಿ ಅಡಿಕೆಯ ಹಣ. ಎರಡು ಎಕರೆಯ ಸಣ್ಣ ಹಿಡುವಳಿದಾರನಿಗೆ ಅದು ಒಂದು ಸಲದ ಗೊಬ್ಬರದ ಖರ್ಚು. ಅಷ್ಟು ಹಣ ಕೊಟ್ಟು ತಂದ ವಸ್ತು ಎರಡು ಮಳೆಗಾಲ ಕಳೆಯುವುದರೊಳಗೆ ದನದ ಕೊಟ್ಟಿಗೆಯ ಮೂಲೆ ಸೇರಿದರೆ ಅದು ಬೆಳೆಗಾರನ ನಷ್ಟವೇ ಆಗಿದೆ. ನಮ್ಮ ಐದು ತಾಲೂಕುಗಳ ಯಾವ ಊರಿಗೆ ಬೇಕಾದರೂ ಹೋಗಿ, ನಾಲ್ಕು ಕೊಟ್ಟಿಗೆಗಳನ್ನು ಇಣುಕಿ ನೋಡಿ. ಹಳದಿ, ಕೆಂಪು, ಹಸಿರು ಬಣ್ಣದ, ಗಾಳಿಯಿಲ್ಲದ, ಗೇರಿನ ಕೊಕ್ಕೆ ಮುರಿದು ನೇತಾಡುವ ಸೈಕಲ್ಲು ಒಂದಾದರೂ ಸಿಕ್ಕೇ ಸಿಗುತ್ತದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮೌಂಟನ್ ಸೈಕಲ್ಲು ಕೆಟ್ಟ ವಸ್ತುವಲ್ಲ. ನಮ್ಮ ಹೊಲದ ದಾರಿಗೆ ಅದು ಕರಿ ಸೈಕಲ್ಲಿಗಿಂತ ಎಷ್ಟೋ ಮೇಲು. ಆದರೆ ನಮ್ಮೂರಿನ ಸೈಕಲ್ ಶಾಪಿನಲ್ಲಿ ಬಿಚ್ಚಿ ಮತ್ತೆ ಕೂಡಿಸಲು ಬರುವಂಥ ಸೈಕಲ್ಲನ್ನೇ ಕೊಳ್ಳಬೇಕು. ಜಂಪಿಗೂ ಡಿಸ್ಕಿಗೂ ಸುರಿಯುವ ಹಣವನ್ನು ಟೈರಿಗೆ, ಚಕ್ರಕ್ಕೆ, ಬ್ರೇಕಿಗೆ ಹಾಕಬೇಕು.

ಈ ಸೈಕಲ್ಲು ಹುಟ್ಟಿದ ಕಥೆ ಅನೇಕರಿಗೆ ತಿಳಿದಿರಲಿಕ್ಕಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಮರಿನ್ ಎಂಬ ಜಿಲ್ಲೆಯಲ್ಲಿ 1970ರ ದಶಕದಲ್ಲಿ ಕೆಲವು ಹುಡುಗರು ಗುಜರಿಗೆ ಬಿದ್ದಿದ್ದ 1930-40ರ ಕಾಲದ ಭಾರದ ಉಕ್ಕಿನ ಸೈಕಲ್ಲುಗಳನ್ನು ಅಗ್ಗಕ್ಕೆ ತಂದು, ದಪ್ಪ ಟೈರು ಹಾಕಿಕೊಂಡು, ಗುಡ್ಡದ ಮಣ್ಣುದಾರಿಯಲ್ಲಿ ಇಳಿಜಾರಿಗೆ ಬಿಡುತ್ತಿದ್ದರು. 1976ರ ಅಕ್ಟೋಬರಿನಲ್ಲಿ ಅವರು ಅಲ್ಲಿ ಒಂದು ಪಂದ್ಯವನ್ನೇ ಆರಂಭಿಸಿದರು. ಹಿಂಬದಿ ಚಕ್ರದ ಗುಂಭದೊಳಗೆ ಇದ್ದ ಬ್ರೇಕು ಒಂದು ಸಲ ಇಳಿಯುವುದರಲ್ಲೇ ಕಾದು ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲವೂ ಬಿಚ್ಚಿ ಹೊಸ ಗ್ರೀಸು ತುಂಬಬೇಕಾಗಿತ್ತು. ಅದಕ್ಕಾಗಿಯೇ ಆ ದಾರಿಗೆ 'ರೀಪ್ಯಾಕ್' ಎಂಬ ಹೆಸರು ಬಂತು. ಈ ಕೆಲಸಕ್ಕೆಂದೇ ಹೊಸ ಚೌಕಟ್ಟನ್ನು ಜೋ ಬ್ರೀಝ್ ಎಂಬಾತ ಕಟ್ಟಿದ್ದು 1977ರಲ್ಲಿ. ದೊಡ್ಡ ಪ್ರಮಾಣದಲ್ಲಿ ತಯಾರಿಸಿ ಮಾರುವುದು 1981ರಲ್ಲಿ ಶುರುವಾಯಿತು. 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಈ ಸೈಕಲ್ಲಿನ ಓಟಕ್ಕೂ ಪದಕ ಇಟ್ಟರು. ಇಷ್ಟನ್ನು ಏಕೆ ಹೇಳಿದೆನೆಂದರೆ, ಈ ಸೈಕಲ್ಲಿನ ಮೂಲದಲ್ಲಿ ಇರುವುದು ಗಟ್ಟಿ ಚೌಕಟ್ಟು, ದಪ್ಪ ಟೈರು, ಕೆಟ್ಟದ್ದನ್ನು ಬಿಚ್ಚಿ ಸರಿಮಾಡಿಕೊಳ್ಳುವ ಕೈ. ಜಂಪು, ಸ್ಟಿಕ್ಕರು ಎಲ್ಲ ಆಮೇಲೆ ಬಂದವು.

ನಮ್ಮ ಕಡೆ ಆಳಿದ್ದು ಕರಿ ಸೈಕಲ್ಲು. ಹರಪನಹಳ್ಳಿಗೆ ಕಾಲೇಜಿಗೆ ನಾನು ತುಳಿದುಕೊಂಡು ಹೋದದ್ದೂ ನಮ್ಮ ತಂದೆಯವರು ಕೊಂಡ ಅಂಥದೇ ಸೈಕಲ್ಲನ್ನು. ಮದ್ರಾಸಿನ ಟಿ.ಐ. ಸೈಕಲ್ಸ್ 1949ರಲ್ಲಿ, ಸೋನೆಪತ್ತಿನ ಅಟ್ಲಾಸ್ 1951ರಲ್ಲಿ, ಲೂಧಿಯಾನದ ಹೀರೋ 1956ರಲ್ಲಿ ಆರಂಭವಾದ ಕಂಪನಿಗಳು. ಹೆಸರು ಬೇರೆ ಬೇರೆ. ಆದರೆ ಒಂದರ ಫ್ರೀವೀಲು ಇನ್ನೊಂದಕ್ಕೆ ಕೂರುತ್ತಿತ್ತು, ಒಂದರ ಬಾಲ್ಸು, ಆಕ್ಸಲ್ಲು, ಬ್ರೇಕ್ ರಬ್ಬರು ಇನ್ನೊಂದಕ್ಕೆ ನಡೆಯುತ್ತಿತ್ತು. ಕೊಟ್ಟೂರು ಜಾತ್ರೆಗೆ, ಮೈಲಾರದ ಕಾರಣಿಕಕ್ಕೆ ಹೊರಟವರ ಸೈಕಲ್ಲು ದಾರಿಯಲ್ಲಿ ಕೆಟ್ಟರೆ ಮುಂದಿನ ಊರಿನಲ್ಲಿ ರಿಪೇರಿಯಾಗುತ್ತಿದ್ದುದರ ಗುಟ್ಟು ಇದೇ. ಅಟ್ಲಾಸಿನ ಕೊನೆಯ ದೊಡ್ಡ ಕಾರ್ಖಾನೆ, ಸಾಹಿಬಾಬಾದಿನದು, 2020ರ ಜೂನ್ 3ರಂದು ಬಾಗಿಲು ಹಾಕಿತು. ಅಂದು ವಿಶ್ವ ಸೈಕಲ್ ದಿನ! ಕಂಪನಿ ಬಾಗಿಲು ಹಾಕಿದರೂ ಆ ಸೈಕಲ್ಲುಗಳು ಓಡಾಡುತ್ತಲೇ ಇವೆ, ಏಕೆಂದರೆ ಬಿಡಿಭಾಗ ಎಲ್ಲಿ ಬೇಕಾದರೂ ಸಿಗುತ್ತದೆ.

ಗೇರ್ ಸೈಕಲ್ಲಿಗೆ ಈ ಭಾಗ್ಯವಿಲ್ಲ. ನಮ್ಮ ಸದಸ್ಯರೊಬ್ಬರು ದೊಡ್ಡ ಊರಿನ ಅಂಗಡಿಯೊಂದರಿಂದ ಮುಂದೆ ಹಿಂದೆ ಎರಡೂ ಕಡೆ ಜಂಪು, ಎರಡು ಡಿಸ್ಕು, 21 ಗೇರು ಇರುವ ಸೈಕಲ್ಲನ್ನು ಮಗನಿಗೆ ತಂದರು. ಎಂಟು ತಿಂಗಳಿಗೆ ಹಿಂದಿನ ಜಂಪಿನ ಬುಷ್ಷು ಸವೆದು ಚಕ್ರ ಹಾವಿನಂತೆ ಹರಿದಾಡತೊಡಗಿತು. ನಮ್ಮೂರ ಸೈಕಲ್ ಶಾಪಿನ ಯಜಮಾನರು ಅದನ್ನು ಎರಡು ಸುತ್ತು ನೋಡಿ, "ಬಿಚ್ಚೋದೇನು ಬಿಚ್ಚಬಹುದು ಗೌಡ್ರೇ, ಹಾಕಾಕ ಸಾಮಾನು ಎಲ್ಲಿಂದ ತರ್ಲಿ?" ಎಂದರು. ಕೊಂಡ ಅಂಗಡಿಯವರು ಆ ಮಾದರಿ ಈಗ ಬರುವುದಿಲ್ಲ ಎಂದುಬಿಟ್ಟರು. ಬೆಂಗಳೂರಿನಲ್ಲಿ ಹುಡುಕಿದರೆ ಸಿಕ್ಕೀತು. ಆದರೆ ಇನ್ನೂರು ರೂಪಾಯಿಯ ಬುಷ್ಷಿಗೆ ಬೆಂಗಳೂರಿಗೆ ಹೋಗಿಬರುವವರು ಯಾರು?

ಈಗ ಕೊಳ್ಳುವ ಮಾತು. ಮೊದಲನೆಯದಾಗಿ, ನಾವು ಯಾವ ನೆಲದಲ್ಲಿ ಓಡಿಸುತ್ತೇವೆ ಎಂಬುದನ್ನು ನೋಡಿಕೊಳ್ಳಬೇಕು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ ಬಹುಮಟ್ಟಿಗೆ ಬಯಲು ಸೀಮೆ. ಉಚ್ಚಂಗಿದುರ್ಗದ ಬೆಟ್ಟ, ಗುಡೇಕೋಟೆಯ ಬಂಡೆಗುಡ್ಡ ಬಿಟ್ಟರೆ ಏರು ಎನ್ನುವುದು ಕಡಿಮೆ. ಇಲ್ಲಿ ಸವಾರನ ಶತ್ರುಗಳು ಮೂರು: ಮುಳ್ಳು, ಎರೆಮಣ್ಣಿನ ಕೆಸರು, ಆಷಾಢದ ಗಾಳಿ. ನಮ್ಮ ಪತ್ರಿಕೆ ಓದುವ ಮಲೆನಾಡಿನ ಕಾಫಿ ಸದಸ್ಯರ ಸಮಸ್ಯೆ ಬೇರೆ. ಅಲ್ಲಿ ಏರು, ಇಳಿಜಾರು, ನಾಲ್ಕು ತಿಂಗಳ ಮಳೆ. ಅವರಿಗೆ ಗೇರು ನಿಜವಾಗಿಯೂ ಬೇಕು, ಡಿಸ್ಕ್ ಬ್ರೇಕಿಗೂ ಅರ್ಥವಿದೆ. ಒದ್ದೆ ಕೆಸರಿನಲ್ಲಿ ರಿಮ್ಮನ್ನು ಹಿಡಿಯುವ ಬ್ರೇಕು ಬೇಗ ಹಿಡಿಯದು, ರಿಮ್ಮನ್ನೂ ತಿನ್ನುತ್ತದೆ. ಒಬ್ಬರಿಗೆ ಹೇಳಿದ ಔಷಧಿ ಇನ್ನೊಬ್ಬರಿಗಲ್ಲ.

ಬಯಲಿನವರು 21 ಗೇರಿನ ಲೆಕ್ಕಕ್ಕೆ ಮರುಳಾಗಬಾರದು. ಮುಂದೆ ಮೂರು ಹಲ್ಲುಚಕ್ರ, ಹಿಂದೆ ಏಳು, ಗುಣಿಸಿದರೆ 21. ಇವುಗಳಲ್ಲಿ ಬಹಳಷ್ಟು ಒಂದಕ್ಕೊಂದು ಸಮವೇ ಆಗಿರುತ್ತವೆ. ನಮ್ಮ ರಸ್ತೆಯಲ್ಲಿ ಹುಡುಗರು ಬಳಸುವುದು ಮೂರು ನಾಲ್ಕನ್ನು ಮಾತ್ರ. ಮುಂದೆ ಒಂದೇ ಹಲ್ಲುಚಕ್ರ, ಹಿಂದೆ ಆರೋ ಏಳೋ ಇದ್ದರೆ ಎದುರುಗಾಳಿಗೂ ಸಾಕು, ಕ್ಯಾರಿಯರ್ ಮೇಲೆ ಮೇವಿನ ಹೊರೆ ಇದ್ದಾಗಲೂ ಸಾಕು. ದಿನಾ ತೋಟಕ್ಕೆ ಹೋಗಿ ಬೋರಿನ ಸ್ಟಾರ್ಟರು ಒತ್ತಿ, ಡ್ರಿಪ್ಪಿನ ವಾಲ್ವು ತಿರುಗಿಸಿ ಬರುವವರಿಗೆ ಗೇರೇ ಬೇಡ. ದಪ್ಪ ಟೈರಿನ, ಗೇರಿಲ್ಲದ ಮೌಂಟನ್ ಸೈಕಲ್ಲುಗಳೂ ಇವೆ. ಆರರಿಂದ ಎಂಟು ಸಾವಿರದೊಳಗೆ ಬರುತ್ತವೆ, ಕೆಡುವ ಭಾಗಗಳು ಅರ್ಧಕ್ಕರ್ಧ ಕಡಿಮೆ.

ಜಂಪಿನ ವಿಷಯದಲ್ಲಿ ನಾನು ಕಟುವಾಗಿಯೇ ಹೇಳುತ್ತೇನೆ. ಒಳ್ಳೆಯ ಜಂಪಿಗೆ ಅದರ ಒಂದರ ಬೆಲೆಯೇ ನಮ್ಮ ಇಡೀ ಸೈಕಲ್ಲಿನ ಬೆಲೆಗಿಂತ ಹೆಚ್ಚು. ಹನ್ನೆರಡು ಸಾವಿರದ ಸೈಕಲ್ಲಿನಲ್ಲಿ ಬರುವುದು ಕೊಳವೆಯೊಳಗಿನ ಒಂದು ಸ್ಪ್ರಿಂಗು ಅಷ್ಟೇ. ಅದು ಕಿಲೋ ಒಂದೂವರೆ ಕಿಲೋ ಭಾರ ಹೆಚ್ಚಿಸುತ್ತದೆ, ಧೂಳು ತಿಂದು ಒಂದು ವರ್ಷಕ್ಕೆ ಬಿಗಿಯುತ್ತದೆ ಇಲ್ಲವೇ ಅಲ್ಲಾಡುತ್ತದೆ. ಹಿಂದಿನ ಜಂಪಂತೂ ತುಳಿದ ಶಕ್ತಿಯನ್ನೇ ನುಂಗುತ್ತದೆ. ಅದರ ಸೈಕಲ್ಲಿಗೆ ಗಟ್ಟಿ ಕ್ಯಾರಿಯರ್ ಕೂಡಿಸಲೂ ಆಗದು. ದಪ್ಪ ಟೈರಿನಲ್ಲಿ ಹದವಾಗಿ ಗಾಳಿ ಇದ್ದರೆ ನಮ್ಮ ಗರಸು ರಸ್ತೆಗೆ ಅದೇ ಜಂಪು. ಮುಂದೆ ನೆಟ್ಟನೆಯ ಗಟ್ಟಿ ಫೋರ್ಕು ಇರುವುದನ್ನು ಕೇಳಿ ಪಡೆಯಿರಿ. ಅಂಗಡಿಯವರು "ಅದು ಹಳೇ ಫ್ಯಾಷನ್ನು ಸಾರ್" ಅಂದರೆ ಅನ್ನಲಿ.

ಬ್ರೇಕು ವಿ-ಬ್ರೇಕ್ ಇರಲಿ. ಎರಡು ತೋಳು ರಿಮ್ಮಿನ ಎರಡು ಬದಿಯಿಂದ ಒತ್ತುವ ಆ ಬ್ರೇಕಿನ ರಬ್ಬರು, ತಂತಿ ಎಲ್ಲ ತಾಲೂಕು ಕೇಂದ್ರದಲ್ಲೂ ಸಿಗುತ್ತದೆ. ಅಗ್ಗದ ಡಿಸ್ಕಿನ ತೊಂದರೆಯೆಂದರೆ, ಅದರ ಒಳಗಿನ ಪ್ಯಾಡು ಕಂಪನಿಗೊಂದು ಆಕಾರದ್ದು. ಸವೆದಾಗ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡು ಅಂಗಡಿ ಅಂಗಡಿ ಅಲೆಯಬೇಕು. ಗೇರಿನ ಲಿವರು ಮತ್ತು ಬ್ರೇಕಿನ ಲಿವರು ಒಂದೇ ಗಡ್ಡೆಯಾಗಿ ಕೂಡಿರುವುದನ್ನೂ ತಪ್ಪಿಸಿ. ಒಂದು ಕೆಟ್ಟರೆ ಎರಡನ್ನೂ ಎಸೆಯಬೇಕಾಗುತ್ತದೆ.

ಟೈರಿನ ಅಳತೆಯ ಬಗ್ಗೆ ಎರಡು ಮಾತು ಹೆಚ್ಚಾಗಿ ಹೇಳಬೇಕಾಗಿದೆ, ಏಕೆಂದರೆ ಸದಸ್ಯರು ಹೆಚ್ಚು ಮೋಸಹೋಗುವುದು ಇಲ್ಲೇ. '26' ಎಂದು ಬರೆದ ಟೈರುಗಳೆಲ್ಲ ಒಂದೇ ಅಲ್ಲ. 26 x 1.95, 26 x 2.10 ಎಂದು ದಶಾಂಶದಲ್ಲಿ ಬರೆದದ್ದು ಮೌಂಟನ್ ಸೈಕಲ್ಲಿನದು. ಅದು ಕೂರುವ ರಿಮ್ಮಿನ ಅಳತೆ 559 ಮಿ.ಮೀ. 26 x 1 3/8 ಎಂದು ಭಿನ್ನರಾಶಿಯಲ್ಲಿ ಬರೆದದ್ದಕ್ಕೆ 590 ಮಿ.ಮೀ. ಒಂದರ ಟೈರು ಇನ್ನೊಂದಕ್ಕೆ ಯಾವ ಬಲದಿಂದಲೂ ಕೂರದು. ನಮ್ಮ ಕರಿ ಸೈಕಲ್ಲಿನ 28 x 1½ ಎನ್ನುವುದು 635 ಮಿ.ಮೀ. ಈಗಿನ 27.5 ಎನ್ನುವುದು 584, 29 ಎನ್ನುವುದು 622. 29 ಇಂಚಿನದಕ್ಕಿಂತ 28 ಇಂಚಿನದು ದೊಡ್ಡದು! ಈ ವಿಚಿತ್ರವನ್ನು ಯಾರು ಮಾಡಿಟ್ಟರೋ, ಅನುಭವಿಸುವವರು ನಾವು. ಟೈರಿನ ಪಕ್ಕದಲ್ಲಿ 54-559 ಎಂಬಂತೆ ಎರಡು ಸಂಖ್ಯೆ ಅಚ್ಚಾಗಿರುತ್ತದೆ. ಮೊದಲನೆಯದು ಟೈರಿನ ದಪ್ಪ, ಎರಡನೆಯದು ರಿಮ್ಮಿನ ಅಳತೆ. ಆ ಎರಡನೆಯ ಸಂಖ್ಯೆಯನ್ನು ಬರೆದುಕೊಂಡು ಹೋಗಿ ಕೇಳಿದರೆ ಮೋಸವಿಲ್ಲ. ಹೊಸದು ಕೊಳ್ಳುವಾಗ, ನಿಮ್ಮೂರಿನ ಶಾಪಿನಲ್ಲಿ ಯಾವ ಅಳತೆಯ ಟೈರು ಟ್ಯೂಬು ತೂಗುಹಾಕಿದ್ದಾರೆಂದು ಮೊದಲು ನೋಡಿ, ಆಮೇಲೆ ಸೈಕಲ್ಲಿನ ಅಳತೆ ನಿರ್ಧರಿಸಿ. ಇದು ತಿರುಗುಮುರುಗಾದ ಮಾತೆಂದು ತೋರಬಹುದು. ಆದರೆ ಬೋರಿನ ಮೋಟರು ಕೊಳ್ಳುವಾಗ ರಿವೈಂಡಿಂಗ್ ಮಾಡುವವನು ಹತ್ತಿರದಲ್ಲಿ ಇದ್ದಾನೆಯೇ ಎಂದು ನಾವೆಲ್ಲ ವಿಚಾರಿಸುವುದಿಲ್ಲವೇ?

ಮೈಯ ಅಳತೆಗೂ ಸೈಕಲ್ಲು ಹೊಂದಬೇಕು. "ಬೆಳೆಯೋ ಹುಡುಗ, ದೊಡ್ಡದೇ ಇರಲಿ" ಎಂದು ಅಂಗಿಯಂತೆ ಕೊಳ್ಳಬಾರದು. ಎರಡೂ ಕಾಲೂರಿ ನಿಂತಾಗ ಮೇಲಿನ ಪಟ್ಟಿಗೂ ಕವಟೆಗೂ ನಡುವೆ ಎರಡು ಇಂಚಾದರೂ ತೆರವಿರಬೇಕು. ಸೀಟಿನ ಮೇಲೆ ಕೂತು ಕೆಳಗಿನ ಪೆಡಲ್ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಸೀಟು ಕೆಳಗಿಟ್ಟು ತುಳಿದು, ಮೊಣಕಾಲು ನೋವೆಂದು ಸೈಕಲ್ಲನ್ನೇ ದೂರುವವರು ಬಹಳ.

2025ರ ಸೆಪ್ಟೆಂಬರ್ 22ರಿಂದ ಸೈಕಲ್ಲಿನ ಮೇಲಿನ ಜಿ.ಎಸ್.ಟಿ. ಶೇಕಡಾ 12ರಿಂದ 5ಕ್ಕೆ ಇಳಿದಿದೆ. ಬಿಲ್ಲು ಕೇಳಿ, ಆ ಅಂಕಿಯನ್ನು ನೋಡಿ. ಉಳಿದ ಐನೂರು ಎಂಟುನೂರು ರೂಪಾಯಿಗೆ ಒಂದು ಕೈಪಂಪು, ಎರಡು ಟ್ಯೂಬು ಬರುತ್ತವೆ.

ಹಳೆಯದನ್ನು ಕೊಳ್ಳುವುದೂ ಕೆಟ್ಟದ್ದಲ್ಲ. ಊರಿಗೆ ಹತ್ತರಂತೆ ಗೇರ್ ಸೈಕಲ್ಲುಗಳು ಕೊಟ್ಟಿಗೆಯಲ್ಲಿ ಬಿದ್ದಿವೆ ಎಂದೆನಲ್ಲ, ಅವುಗಳಲ್ಲಿ ಅರ್ಧದಷ್ಟು ಎರಡು ಸಾವಿರ ರೂಪಾಯಿಯಲ್ಲಿ ಏಳುತ್ತವೆ. ನೋಡಬೇಕಾದದ್ದು ಚೌಕಟ್ಟು. ಹ್ಯಾಂಡಲ್ಲಿನ ಕೊಳವೆಯ ಹಿಂದೆ, ಪೆಡಲ್ಲಿನ ಗುಂಭದ ಸುತ್ತ ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಬೇಡ. ಚಕ್ರ ಸ್ವಲ್ಪ ಬೆಂಡಾಗಿದ್ದರೆ ಕಡ್ಡಿ ಬಿಗಿಸಿ ತೆಗೆಯಬಹುದು. ಸರ್ಕಾರ 2006-07ರಿಂದ 8ನೇ ತರಗತಿಯ ಮಕ್ಕಳಿಗೆ ಉಚಿತವಾಗಿ ಹಂಚಿದ ಸೈಕಲ್ಲುಗಳೂ ಎಷ್ಟೋ ಮನೆಗಳಲ್ಲಿವೆ. ಕೋವಿಡ್ ಕಾಲದಲ್ಲಿ ಆ ಹಂಚಿಕೆ ನಿಂತುಹೋಯಿತು. ಅವು ಮೌಂಟನ್ ಸೈಕಲ್ಲುಗಳಲ್ಲ, ಆದರೆ ಓವರಾಲ್ ಮಾಡಿಸಿದರೆ ಶಾಲೆಗೆ ಹೋಗುವ ತಂಗಿಗೆ ಇನ್ನೂ ನಾಲ್ಕು ವರ್ಷ ಬರುತ್ತವೆ.

ಇನ್ನು ಸುಧಾರಣೆಯ ಮಾತು. ಕೊಂಡ ಮೇಲೆ ಯಾವುದಕ್ಕೆ ಹಣ ಹಾಕಬೇಕು? ಮೊದಲು ಮುಳ್ಳಿಗೆ. ನಮ್ಮ ಹರಪನಹಳ್ಳಿ 1997ರಲ್ಲಿ ಬಳ್ಳಾರಿ ಜಿಲ್ಲೆಯಿಂದ ದಾವಣಗೆರೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ಐದೂ ತಾಲೂಕುಗಳು ಹೊಸ ವಿಜಯನಗರ ಜಿಲ್ಲೆಗೆ ಸೇರಿದವು. ಜಿಲ್ಲೆ ಎಷ್ಟು ಸಲ ಬದಲಾದರೂ ನಮ್ಮನ್ನು ಬಿಡದಿರುವುದು ಬಳ್ಳಾರಿ ಜಾಲಿ. ಅದೂ ಮೌಂಟನ್ ಸೈಕಲ್ಲಿನಂತೆ ಅಮೆರಿಕ ಖಂಡದಿಂದಲೇ ಬಂದದ್ದು. ಬೇಲಿ ಸವರಿದ ಮೇಲೆ ದಾರಿಗೆ ಬಿದ್ದ ಅದರ ಮುಳ್ಳು ಎಂಥ ಟೈರನ್ನೂ ಬಿಡದು. ಅದಕ್ಕೆ ಜೊತೆಯಾಗಿ ಮಸಾರಿ ಹೊಲದ ಬದುವಿನಲ್ಲಿ ನೆಗ್ಗಿಲು. ಆ ಕಾಯಿ ಒಣಗಿ ಒಡೆದಾಗ ಪ್ರತಿ ಹೋಳೂ ಒಂದು ಮುಳ್ಳನ್ನು ಮೇಲಕ್ಕೆ ಮಾಡಿಯೇ ಬೀಳುತ್ತದೆ. ಇಂಗ್ಲಿಷಿನಲ್ಲಿ ಈ ಗಿಡಕ್ಕೆ 'ಪಂಕ್ಚರ್ ಬಳ್ಳಿ' ಎಂಬರ್ಥದ ಹೆಸರೇ ಇದೆ.

ಇದಕ್ಕೆ ಸೈಕಲ್ ಶಾಪಿನವರ ಹಳೆಯ ಉಪಾಯವೇ ಒಳ್ಳೆಯದು. ಹಳೆಯ ಟ್ಯೂಬೊಂದನ್ನು ಉದ್ದಕ್ಕೆ ಸೀಳಿ, ಪಟ್ಟಿಯಾಗಿ ಟೈರಿಗೂ ಹೊಸ ಟ್ಯೂಬಿಗೂ ನಡುವೆ ಹಾಸುವುದು. ಖರ್ಚಿಲ್ಲ, ನೆಗ್ಗಿಲಿಗೆ ಚೆನ್ನಾಗಿ ತಡೆಯುತ್ತದೆ. ಟ್ಯೂಬಿನೊಳಗೆ ಹಾಕುವ ಅಂಟುದ್ರವವೂ ಈಗ ಬಂದಿದೆ, ಸಣ್ಣ ತೂತನ್ನು ತಾನೇ ಮುಚ್ಚುತ್ತದೆ. ಜಾಲಿಯ ದೊಡ್ಡ ಮುಳ್ಳಿಗೆ ಎರಡೂ ಒಮ್ಮೊಮ್ಮೆ ಸೋಲುತ್ತವೆ. ಪಂಕ್ಚರ್ ಹಾಕಿಸುವಾಗ ಟೈರಿನ ಒಳಗೆ ಬಟ್ಟೆಯ ಚೂರನ್ನು ಸುತ್ತಲೂ ಸವರಿ ನೋಡಿರಿ. ಮುರಿದುಳಿದ ಮುಳ್ಳಿನ ತುದಿಗೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಒಂದೇ ವಾರದಲ್ಲಿ ಮೂರು ಸಲ ಪಂಕ್ಚರ್ ಆಯಿತು ಎನ್ನುವವರ ಟೈರಿನಲ್ಲಿ ಹೆಚ್ಚಾಗಿ ಒಂದೇ ಮುಳ್ಳು ಮೂರು ಸಲ ಕೆಲಸ ಮಾಡಿರುತ್ತದೆ. ಟ್ಯೂಬಿನಲ್ಲಿ ಅಕ್ಕಪಕ್ಕ ಜೋಡಿ ತೂತು ಕಂಡರೆ ಅದು ಮುಳ್ಳಿನದಲ್ಲ. ಗಾಳಿ ಕಡಿಮೆಯಿದ್ದು ಕಲ್ಲಿಗೆ ಹೊಡೆದಾಗ ರಿಮ್ಮು ಕಚ್ಚಿದ್ದು.

ಎರಡನೆಯದು ಮಡ್‌ಗಾರ್ಡು ಮತ್ತು ಕ್ಯಾರಿಯರ್. ಮೌಂಟನ್ ಸೈಕಲ್ಲಿನ ಜೊತೆ ಇವು ಸಾಮಾನ್ಯವಾಗಿ ಬರುವುದಿಲ್ಲ. ಹುಡುಗರಿಗೆ ಇವೆರಡೂ ಬೇಡ, ಅಂದ ಕೆಡುತ್ತದಂತೆ. ಅಪ್ಪನಿಗೆ ಮೈಲುತುತ್ತದ ಚೀಲ, ಹಾಳೆಯ ಕಟ್ಟು, ಕ್ಯಾನು ತರಬೇಕು. ಆದಕಾರಣ ಕೊಳ್ಳುವಾಗಲೇ ಚೌಕಟ್ಟಿನ ಹಿಂಬದಿಯಲ್ಲಿ ಕ್ಯಾರಿಯರಿನ ನಟ್ಟು ಕೂಡಿಸುವ ತೂತುಗಳಿವೆಯೇ ನೋಡಿಕೊಳ್ಳಿ. ಎರೆಹೊಲದವರು ಮಾತ್ರ ಮಡ್‌ಗಾರ್ಡನ್ನು ಟೈರಿನಿಂದ ಎರಡು ಬೆರಳು ದೂರ ಇಡಬೇಕು. ಇಲ್ಲವಾದರೆ ಮಳೆ ಬಿದ್ದ ದಿನ ಮಣ್ಣು ಮೆತ್ತಿಕೊಂಡು ಚಕ್ರ ತಿರುಗದೆ, ಸೈಕಲ್ಲು ಸವಾರನನ್ನು ಹೊರುವ ಬದಲು ಸವಾರ ಸೈಕಲ್ಲನ್ನು ಹೊತ್ತು ಬರಬೇಕಾಗುತ್ತದೆ.

ಮೂರನೆಯದಾಗಿ ಒಳ್ಳೆಯ ಬ್ರೇಕ್ ರಬ್ಬರು, ಹೊಸ ತಂತಿ. ನೂರಿನ್ನೂರು ರೂಪಾಯಿಯ ಈ ಬದಲಾವಣೆಯಿಂದಲೇ ಒಳ್ಳೆಯ ಹಿಡಿತ ಸಿಗುತ್ತದೆ. ಇಲ್ಲಿಗೆ ನಿಲ್ಲಿಸಿರಿ. ಹಗುರದ ಹ್ಯಾಂಡಲ್ಲು, ಬಣ್ಣದ ಪೆಡಲ್ಲು ಇವೆಲ್ಲ ನಮ್ಮ ಲೆಕ್ಕಕ್ಕೆ ಬರುವಂಥವಲ್ಲ.

ಆರೈಕೆಯ ವಿಷಯದಲ್ಲಿ ಚೈನೇ ಮುಖ್ಯ. ಮನೆಯಲ್ಲಿ ಉಳಿದ ಸುಟ್ಟ ಎಂಜಿನ್ ಆಯಿಲನ್ನು ಚೈನಿನ ಮೇಲೆ ಧಾರೆಯಾಗಿ ಸುರಿಯುವ ಪದ್ಧತಿ ನಮ್ಮಲ್ಲಿದೆ. ಆ ಎಣ್ಣೆಗೆ ಕೆಂಪು ಧೂಳು ಸೇರಿ ಸಾಣೆಕಲ್ಲಿನ ಹಿಟ್ಟಿನಂತಾಗಿ ಚೈನನ್ನೂ ಹಲ್ಲನ್ನೂ ಅರೆಯುತ್ತದೆ. ಚೈನನ್ನು ಹಳೆಯ ಬಟ್ಟೆಯಿಂದ ಒರೆಸಿ, ಕೊಂಡಿಗೊಂದು ಹನಿ ಎಣ್ಣೆ ಬಿಟ್ಟು, ಹತ್ತು ಸುತ್ತು ತಿರುಗಿಸಿ, ಹೊರಗಿನ ಎಣ್ಣೆಯನ್ನು ಮತ್ತೆ ಒರೆಸಿಬಿಡಬೇಕು. ಎಣ್ಣೆ ಇರಬೇಕಾದದ್ದು ಕೊಂಡಿಯ ಒಳಗೆ. ಚೈನು ಸವೆದಿದೆಯೇ ಎಂದು ತಿಳಿಯಲು ಮಕ್ಕಳ ಒಂದಡಿಯ ಪಟ್ಟಿ ಸಾಕು. ಒಂದು ಪಿನ್ನಿನ ನಡುಮಧ್ಯದಿಂದ ಅಳೆದರೆ 12 ಇಂಚಿಗೆ ಸರಿಯಾಗಿ ಇನ್ನೊಂದು ಪಿನ್ನಿನ ನಡುಮಧ್ಯ ಬರಬೇಕು. 1/16 ಇಂಚು, ಅಂದರೆ ಬಡಗಿಯ ಲೆಕ್ಕದಲ್ಲಿ ಅರ್ಧ ನೂಲು ಮುಂದೆ ಹೋಗಿದ್ದರೆ ಚೈನು ಬದಲಿಸಿ. ಒಂದು ನೂಲು ಮುಂದೆ ಹೋಗುವವರೆಗೆ ಬಿಟ್ಟರೆ ಫ್ರೀವೀಲಿನ ಹಲ್ಲೂ ಹೋಗಿರುತ್ತದೆ, ಖರ್ಚು ಎರಡರಷ್ಟು.

ನಮ್ಮ ಬೆಳೆಗಾರರಿಗೇ ವಿಶೇಷವಾಗಿ ಅನ್ವಯಿಸುವ ಮಾತೊಂದಿದೆ. ಬೋರ್ಡೋ ದ್ರಾವಣ ಹದವಾಗಿದೆಯೇ ಎಂದು ನೋಡಲು ನಾವು ಕಬ್ಬಿಣದ ಚಾಕು ಅದ್ದಿ ನೋಡುತ್ತೇವೆ. ಸುಣ್ಣ ಸಾಲದಿದ್ದರೆ ಚಾಕಿನ ಮೇಲೆ ತಾಮ್ರ ಕೂರುತ್ತದೆ. ಆ ಚಾಕಿಗೆ ಆಗುವುದೇ ಮೈಲುತುತ್ತದ ಚೀಲ ಹೊತ್ತ ಸೈಕಲ್ಲಿನ ಚೈನಿಗೂ ಕಡ್ಡಿಗೂ ಆಗುತ್ತದೆ. ಅಲ್ಯೂಮಿನಿಯಂ ರಿಮ್ಮನ್ನೂ ಅದು ಬಿಡುವುದಿಲ್ಲ. ಪೊಟ್ಯಾಷ್ ಗೊಬ್ಬರವೂ ತುಕ್ಕಿಗೆ ಅಣ್ಣನೇ. ಔಷಧಿ ಹೊಡೆಸಿದ ದಿನ ಸಂಜೆ ಒಂದು ತಂಬಿಗೆ ನೀರು ಹಾಕಿ ಒರೆಸಿಡಿ. ಹಾಗೆಂದು ಬೋರಿನ ಪೈಪನ್ನೇ ಹಿಡಿದು ಜೋರಾಗಿ ಬಿಡಬಾರದು. ಗುಂಭದೊಳಗೆ ನೀರು ನುಗ್ಗಿ ಗ್ರೀಸು ತೊಳೆದುಹೋಗುತ್ತದೆ. ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಎರಡೂ ಚಕ್ರದ ಆಕ್ಸಲ್ಲು, ಹ್ಯಾಂಡಲ್ಲಿನ ಕಪ್ಪು ಬಿಚ್ಚಿಸಿ ಬಾಲ್ಸಿಗೆ ಹೊಸ ಗ್ರೀಸು ತುಂಬಿಸಿದರೆ ಸಾಕು.

ಗೇರಿರುವ ಸೈಕಲ್ಲನ್ನು ಬಲಬದಿಗೆ ಮಲಗಿಸಬೇಡಿ. ಗೇರಿನ ಕೊಕ್ಕೆಯನ್ನು ಹಿಡಿದಿರುವ ಪಟ್ಟಿ ಬಾಗಿದರೆ, ಏರಿನಲ್ಲಿ ಗೇರು ಇಳಿಸಿದಾಗ ಕೊಕ್ಕೆ ಕಡ್ಡಿಗಳೊಳಗೆ ಸಿಕ್ಕಿ ಚಕ್ರವನ್ನೇ ತಿನ್ನುತ್ತದೆ. ಕೊಟ್ಟಿಗೆಯಲ್ಲಿ ಬಿದ್ದವುಗಳಲ್ಲಿ ಹಲವಕ್ಕೆ ಮೃತ್ಯು ಬಂದದ್ದು ಹೀಗೆಯೇ. ಎಡಗಡೆಯ ಪೆಡಲ್ಲಿನ ಮರೆ ತಿರುಗುಮುರುಗು ಎಂಬುದನ್ನೂ ಮನೆಯಲ್ಲಿ ಸ್ಪ್ಯಾನರ್ ಹಿಡಿಯುವವರು ನೆನಪಿಡಬೇಕು. ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಅದು ಬಿಚ್ಚುತ್ತದೆ. ಬಲವಂತ ಮಾಡಿದರೆ ಮರೆ ಹಾಳು.

ಸದಸ್ಯರಲ್ಲಿ ಕೆಲವರು, "ಮನೆಮುಂದೆ ಬೈಕೇ ನಿಂತಿರುವಾಗ ಸೈಕಲ್ಲಿಗೆ ಇಷ್ಟು ಪುರಾಣವೇಕೆ?" ಎಂದು ಕೇಳಿದ್ದಾರೆ. ಅವರಿಗೆ ಒಂದೇ ಮಾತು. 2019ರ ಸೆಪ್ಟೆಂಬರಿನಿಂದ ಜಾರಿಗೆ ಬಂದ ಮೋಟಾರು ವಾಹನ ಕಾಯಿದೆಯ ತಿದ್ದುಪಡಿಯಂತೆ, ಹದಿನೆಂಟು ತುಂಬದ ಹುಡುಗ ಬೈಕ್ ಓಡಿಸಿ ತಪ್ಪು ಮಾಡಿದರೆ ಪಾಲಕನಿಗೆ ಅಥವಾ ವಾಹನದ ಮಾಲೀಕನಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಒಂದು ವರ್ಷ ವಾಹನದ ನೋಂದಣಿಯೂ ರದ್ದು. ದಂಡದ ಮಾತು ಹಾಗಿರಲಿ, ಹೆದ್ದಾರಿಯ ಪಕ್ಕದ ನಮ್ಮ ಊರುಗಳಲ್ಲಿ ಹತ್ತನೆಯ ತರಗತಿಯ ಹುಡುಗರು ಮೂವರು ಮೂವರು ಕೂತು ಹೋಗುವುದನ್ನು ನಾವೆಲ್ಲ ಕಣ್ಣಾರೆ ನೋಡುತ್ತಿದ್ದೇವೆ. ಹುಡುಗನಿಗೆ ಬೈಕಿನ ಕೀಲಿ ಕೊಡುವ ತಂದೆ, ಸೈಕಲ್ಲು ಕೆಟ್ಟು ಕೂತಿದೆ ಎಂಬ ಕಾರಣವನ್ನೇ ಅನೇಕ ಸಲ ಹೇಳುತ್ತಾನೆ. ಆ ಕಾರಣವನ್ನು ಇಲ್ಲದಂತೆ ಮಾಡಬಹುದು.

ಇಲ್ಲಿಗೆ ನನ್ನ ಸಲಹೆ ಬರುತ್ತದೆ. ನಮ್ಮ ಸಂಘದ ಮಾರಾಟ ಮಳಿಗೆಯಲ್ಲಿ ಗೊಬ್ಬರ, ಔಷಧಿ, ಕತ್ತಿ, ದೋಟಿ ಇಡುತ್ತೇವೆ. ಒಂದು ಕಪಾಟಿನಷ್ಟು ಜಾಗದಲ್ಲಿ ಸೈಕಲ್ಲಿನ ಟ್ಯೂಬು, ಟೈರು, ವಿ-ಬ್ರೇಕಿನ ರಬ್ಬರು, ತಂತಿ, ಏಳು ಗೇರಿನ ಚೈನು ಮತ್ತು ಫ್ರೀವೀಲು, ಗ್ರೀಸಿನ ಡಬ್ಬಿ ಇಡಬಾರದೇಕೆ? ಸಗಟಾಗಿ ತರಿಸಿದರೆ ಸದಸ್ಯರಿಗೂ ಅಗ್ಗ. ಊರೂರಿನ ಸೈಕಲ್ ಶಾಪಿನವರಿಗೂ ಅದೇ ದರದಲ್ಲಿ ಕೊಡಬಹುದು. ಅವರ ಕೈಗೆ ಸಾಮಾನು ಸಿಕ್ಕರೆ ಗೇರ್ ಸೈಕಲ್ಲನ್ನೂ ಅವರೇ ಕಲಿತು ಮಾಡುತ್ತಾರೆ. ಅವರಿಗೆ ಕೌಶಲಕ್ಕೇನೂ ಕೊರತೆಯಿಲ್ಲ. ಆಡಳಿತ ಮಂಡಳಿಯ ಇಬ್ಬರು ನಿರ್ದೇಶಕರು ಇದನ್ನು ಒಪ್ಪಿಲ್ಲ. ಸಂಘದ ಬಂಡವಾಳ ಖರ್ಚಾಗದ ಸಾಮಾನಿನಲ್ಲಿ ಸಿಕ್ಕಿಬೀಳುತ್ತದೆ ಎಂಬುದು ಅವರ ಆಕ್ಷೇಪಣೆ. ಅದರಲ್ಲಿ ಹುರುಳಿಲ್ಲದಿಲ್ಲ. ಬಿಸಿಲಿಗೆ ಇಟ್ಟ ಟ್ಯೂಬು ಎರಡು ವರ್ಷಕ್ಕೆ ಬಿರಿಯುತ್ತದೆ, ತಪ್ಪು ಅಳತೆಯ ಟೈರು ಹತ್ತು ವರ್ಷವಾದರೂ ಮಾರಾಟವಾಗದು. ಆದ್ದರಿಂದಲೇ ಮೊದಲು ಯಾವ ಅಳತೆಯದು ಎಷ್ಟು ಬೇಕೆಂಬ ಲೆಕ್ಕ ಬೇಕಾಗಿದೆ.

ಬರುವ ಸರ್ವಸದಸ್ಯರ ಸಭೆಯಲ್ಲಿ ಈ ವಿಷಯವನ್ನು ಮಂಡಿಸಲಿದ್ದೇನೆ. ಅದಕ್ಕೆ ಮುಂಚೆ ಪ್ರತಿಯೊಬ್ಬ ಸದಸ್ಯರೂ ತಮ್ಮ ಮನೆಯಲ್ಲಿ, ಕೊಟ್ಟಿಗೆಯಲ್ಲಿ ಇರುವ ಸೈಕಲ್ಲುಗಳ ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಎರಡನೆಯ ಸಂಖ್ಯೆಯನ್ನು, 559, 584, 590, 622, 635 ಇವುಗಳಲ್ಲಿ ಯಾವುದೋ ಅದನ್ನು, ಒಂದು ಚೀಟಿಯಲ್ಲಿ ಸದಸ್ಯತ್ವದ ಸಂಖ್ಯೆಯೊಡನೆ ಬರೆದು ಸಂಘದ ಕಚೇರಿಗೆ ತಲುಪಿಸಬೇಕಾಗಿ ವಿನಂತಿ. ಕೆಟ್ಟು ನಿಂತ ಸೈಕಲ್ಲಾದರೆ ಯಾವ ಭಾಗ ಕೆಟ್ಟಿದೆ ಎಂಬುದನ್ನೂ ಬರೆಯಿರಿ. ಮಲೆನಾಡಿನ ಸದಸ್ಯರು ಅಂಚೆಯಲ್ಲಿ ಕಳುಹಿಸಬಹುದು. ಅಂಕಿ ಅಳಿಸಿಹೋಗಿದ್ದರೆ ಹಳೆಯ ಟೈರನ್ನೇ ಕಚೇರಿಗೆ ತನ್ನಿ, ಅಳೆದು ಹೇಳುತ್ತೇವೆ.